ಮೊರಿಕಾಮಿ ತೋಟದ ವಾಲಂಟಿಯರ್‌ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ. ಫ್ಲಾರಿಡಾದ ಡೆಲ್‌ರೇ ಬೀಚ್‌ನಲ್ಲಿರುವ ಮೊರಿಕಾಮಿ ಮ್ಯೂಸಿಯಂ ಮತ್ತು ಜಪಾನೀ ತೋಟದಲ್ಲಿ ನಾನು ವಾಲಂಟಿಯರ್ ಆಗಿದ್ದೇನೆ, ಬಂದವರಿಗೆ ಸುತ್ತಾಡಿಸಿ ತೋರಿಸುತ್ತೇನೆ ಅಂತ. ಅಷ್ಟಕ್ಕೇ ಇಷ್ಟು ಪತ್ರ! ಹಾಗಾಗಿ ಈ ಸಲ ಅತ್ತೆ-ಸೊಸೆ ಜಗಳಕ್ಕೆ ರಜೆ, ಅಂಕಣ ಪೂರ್ತಿ ತೋಟಕ್ಕೆ. ನಾನು ಅಲ್ಲಿನ ಅಧಿಕಾರಿಯಲ್ಲ, ಸಂಬಳದವಳೂ ಅಲ್ಲ. ಅಭಿಪ್ರಾಯವೆಲ್ಲ ನನ್ನ ಸ್ವಂತದ್ದು.

ಪ್ರಶ್ನೆ: ಗಂಡನ ಎಚ್-1ಬಿ ಕೆಲಸದ ವೀಸಾದ ಜೊತೆ ಬಂದು ಬೊಕಾ ರಟೋನ್‌ನಲ್ಲಿದ್ದೇನೆ. ನನ್ನದು ಕುಟುಂಬದವರಿಗೆ ಕೊಡುವ ಎಚ್-4 ವೀಸಾ, ವರ್ಕ್ ಪರ್ಮಿಟ್ ಇಲ್ಲ. ಮನೆಯಲ್ಲಿ ಕೂತು ಸಾಕಾಗಿದೆ. ನಾನೂ ಅಲ್ಲಿ ವಾಲಂಟಿಯರ್ ಆಗಬಹುದಾ? ಜಪಾನೀ ಭಾಷೆ ಬರಬೇಕಾ? ನನ್ನ ಇಂಗ್ಲಿಷೇ ಅಷ್ಟಕ್ಕಷ್ಟೆ.

ಮೊದಲು ವೀಸಾ ವಿಷಯ ಮುಗಿಸೋಣ ತಂಗಿ. ನಿಜವಾದ ವಾಲಂಟಿಯರ್ ಕೆಲಸಕ್ಕೆ ವರ್ಕ್ ಪರ್ಮಿಟ್ ಬೇಕಿಲ್ಲ. ಆದರೆ ಆ 'ನಿಜವಾದ' ಅನ್ನುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಂಸ್ಥೆ ಸರ್ಕಾರದ್ದೋ ಲಾಭಕ್ಕಲ್ಲದ್ದೋ ಆಗಿರಬೇಕು. ಕೆಲಸ ಸಾಮಾನ್ಯವಾಗಿ ಯಾರೂ ಸಂಬಳಕ್ಕೆ ಮಾಡದ ಕೆಲಸವಾಗಿರಬೇಕು. ದುಡ್ಡಾಗಲಿ, ದುಡ್ಡಿನ ಬದಲಿಗೆ ಬೇರೆ ಏನಾದರೂ ಆಗಲಿ ಕೈಗೆ ಬರಬಾರದು. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀವು ಪುಕ್ಕಟೆ ಮಾಡಿದರೂ ಅದು 'ಕೆಲಸ'ದ ಲೆಕ್ಕಕ್ಕೆ ಬರಬಹುದು. ಜನ ಎಡವುವುದು ಇಲ್ಲೇ. ಕೌಂಟಿಯ ಪಾರ್ಕ್, ಮ್ಯೂಸಿಯಂ ಅಂದಾಗ ಸಂಸ್ಥೆಯ ಬಗ್ಗೆ ತಲೆನೋವಿಲ್ಲ. ನಿಮಗೆ ಕೊಡುವ ಕೆಲಸ ಯಾವುದು ಅಂತ ಮಾತ್ರ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಆ ಕಾಗದವನ್ನು ಗಂಡನ ಕಂಪನಿಯ ಇಮಿಗ್ರೇಷನ್ ವಕೀಲರಿಗೆ ಒಮ್ಮೆ ತೋರಿಸಿ.

ಜಪಾನೀ ಭಾಷೆ ಬೇಡ. ಟೀ ಸಮಾರಂಭದ ತಂಡಕ್ಕೆ ಸೇರುವವರಿಗೆ ಆ ವಿದ್ಯೆ ಕಲಿತಿರಬೇಕು, ಅದು ವರ್ಷಗಟ್ಟಲೆಯ ಅಭ್ಯಾಸ. ಉಳಿದ ಕೆಲಸಗಳಿಗೆ ಕಲಿಯುವ ಮನಸ್ಸಿದ್ದರೆ ಸಾಕು. ಇಂಗ್ಲಿಷ್ ಬಗ್ಗೆ ನಾಚಿಕೆ ಬೇಡ. ಆ ತೋಟದ ಜಾಗ ಕೊಟ್ಟ ಮೊರಿಕಾಮಿಯವರೇ ಇಂಗ್ಲಿಷ್ ಕಲಿಯಲು, ಮೀಸೆ ಬಂದ ಮೇಲೆ, ಚಿಕ್ಕ ಮಕ್ಕಳ ಜೊತೆ ಶಾಲೆಯ ಬೆಂಚಿನ ಮೇಲೆ ಕೂತವರು. ಮೊದಲು ಹಬ್ಬದ ದಿನಗಳಿಗೆ ಹೋಗಿ. ಜನವರಿಯಲ್ಲಿ ಹೊಸ ವರ್ಷದ ಒಶೋಗಾತ್ಸು ಇರುತ್ತದೆ, ಶರತ್ಕಾಲದಲ್ಲಿ ದೀಪದ ಹಬ್ಬ. ಆವಾಗ ಜನ ಜಾಸ್ತಿ, ಕೈಗಳು ಕಡಿಮೆ. ದಾರಿ ತೋರಿಸುವುದು, ಮಕ್ಕಳ ಮೇಜಿನ ಹತ್ತಿರ ಕಾಗದ ಮಡಿಸಿಕೊಡುವುದು, ಇಂಥ ಕೆಲಸಕ್ಕೆ ದೊಡ್ಡ ಭಾಷಣ ಬೇಕಾಗುವುದಿಲ್ಲ. ಬಾಯಿ ತಾನಾಗಿ ಬಿಡುತ್ತದೆ.

ಪ್ರಶ್ನೆ: ಫ್ಲಾರಿಡಾಕ್ಕೂ ಜಪಾನಿಗೂ ಎಲ್ಲಿಯ ನಂಟು? ಟೂರಿಸ್ಟ್‌ಗಳನ್ನು ಸೆಳೆಯೋಕೆ ಸುಮ್ನೆ ಕಟ್ಟಿದ್ದು ಅಲ್ವಾ? ಅಂಥ ಕಡೆ ಪುಕ್ಕಟೆ ದುಡಿಯೋದು ಯಾಕೆ?

ಈ ಪತ್ರ ಬರೆದವರು ಪಾಮ್ ಬೀಚ್ ಕೌಂಟಿಯವರೇ! ಐ-95 ಹೆದ್ದಾರಿಯಲ್ಲಿ 'ಯಮಾಟೊ ರೋಡ್' ಅನ್ನುವ ಬೋರ್ಡನ್ನು ದಿನಾ ನೋಡುತ್ತಿರಬೇಕು. ಆ ಹೆಸರು ಎಲ್ಲಿಂದ ಬಂತು ಅಂತ ಒಂದು ದಿನವೂ ಅನ್ನಿಸಲಿಲ್ಲವೇ?

ಯಮಾಟೊ ಅನ್ನುವುದು ಒಂದು ಊರಾಗಿತ್ತು. ಈಗಿನ ಬೊಕಾ ರಟೋನ್‌ನ ಉತ್ತರ ಭಾಗದಲ್ಲಿ, 20ನೇ ಶತಮಾನದ ಆರಂಭದಲ್ಲಿ ಜಪಾನೀ ರೈತರು ಬಂದು ಕಟ್ಟಿಕೊಂಡ ಊರು. ಮುಂದಾಳು ಜೋ ಸಕಾಯಿ. ಜಪಾನಿನ ಮಿಯಾಜು ಊರಿನವರು, ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಓದಿದವರು. ಆ ಕಾಲಕ್ಕೆ ಹೆನ್ರಿ ಫ್ಲ್ಯಾಗ್ಲರ್ ಅನ್ನುವ ಸಿರಿವಂತರು ಫ್ಲಾರಿಡಾದ ಪೂರ್ವ ಕರಾವಳಿಯುದ್ದಕ್ಕೂ ರೈಲು ಹಾಕಿದ್ದರು. ರೈಲು ಬಂದರೆ ಸಾಕೇ? ಅದರಲ್ಲಿ ತುಂಬಲು ಬೆಳೆ ಬೇಕು, ಬೆಳೆಯಲು ಜನ ಬೇಕು. ರೈಲಿನವರ ಜಮೀನು ಕಂಪನಿ ಹೊಸಬರನ್ನು ಕರೆದು ಕೂರಿಸುತ್ತಿತ್ತು. ಹಾಗೆ ಬಂದವರು ಇವರು. ಪೊದೆ ಕಡಿದು, ಸೊಳ್ಳೆ ಕಚ್ಚಿಸಿಕೊಂಡು, ಮರಳು ಭೂಮಿಯಲ್ಲಿ ಅನಾನಸ್ ಹಾಕಿದರು.

ಅನಾನಸ್‌ಗೆ ರೋಗ ಬಿತ್ತು. ಕ್ಯೂಬಾದ ಅನಾನಸ್ ಅಗ್ಗಕ್ಕೆ ಮಾರುಕಟ್ಟೆಗೆ ಬಂತು. ಕೆಲವರು ತರಕಾರಿಗೆ ಹೊರಳಿದರು. ಹಲವರು ವಾಪಸ್ ಹೋದರು, ಇಲ್ಲ ಬೇರೆ ಊರು ಹಿಡಿದರು. 1920ರ ದಶಕದಲ್ಲಿ ಊರು ಹೆಚ್ಚುಕಡಿಮೆ ಖಾಲಿ. ಉಳಿದಿದ್ದ ಚೂರುಪಾರು ಜಮೀನೂ 1942ರಲ್ಲಿ ಯುದ್ಧದ ವಿಮಾನ ನಿಲ್ದಾಣಕ್ಕೆ ಅಂತ ಸರ್ಕಾರದ ಪಾಲಾಯಿತು.

ಕೊನೆಯವರೆಗೂ ಉಳಿದವರು ಸುಕೇಜಿ ಮೊರಿಕಾಮಿ. ಇಲ್ಲಿಯವರ ಬಾಯಲ್ಲಿ ಜಾರ್ಜ್. 1906ರಲ್ಲಿ ಬಂದಾಗ ಇನ್ನೂ ಹತ್ತೊಂಬತ್ತರ ಹುಡುಗ. ತರಕಾರಿ ಬೆಳೆದು ಮಾರಿದರು, ಉಳಿಸಿದರು. 1920ರ ದಶಕದಲ್ಲಿ ಬ್ಯಾಂಕ್ ಮುಳುಗಿ ಆ ಉಳಿತಾಯ ಹೋಯಿತು. ಮತ್ತೆ ಮೊದಲಿಂದ ಶುರು. ಜಮೀನು ಅಗ್ಗವಾಗಿದ್ದಾಗ ಸ್ವಲ್ಪ ಸ್ವಲ್ಪವೇ ಕೊಂಡರು. ಜಪಾನಿನಿಂದ ವಲಸೆ ಬಂದವರಿಗೆ 1952ರವರೆಗೆ ಅಮೆರಿಕದ ಪೌರತ್ವ ಪಡೆಯುವ ದಾರಿಯೇ ಇರಲಿಲ್ಲ. ಇವರಿಗೆ ಸಿಕ್ಕಿದ್ದು 1967ರಲ್ಲಿ. ಮದುವೆಯಾಗಲಿಲ್ಲ. ಕೋಟಿ ಬೆಲೆಯ ಜಮೀನಿನ ಒಡೆಯ ಮುಪ್ಪಿನಲ್ಲೂ ಒಂದು ಟ್ರೇಲರ್ ಮನೆಯಲ್ಲಿದ್ದುಕೊಂಡು ಹೊಲಕ್ಕೆ ಹೋಗುತ್ತಿದ್ದರು. 1970ರ ದಶಕದಲ್ಲಿ ಜಮೀನನ್ನು ಪಾಮ್ ಬೀಚ್ ಕೌಂಟಿಗೆ ದಾನ ಕೊಟ್ಟರು, ಪಾರ್ಕ್ ಆಗಲಿ ಅಂತ. 1976ರಲ್ಲಿ ತೀರಿಕೊಂಡರು. ಮ್ಯೂಸಿಯಂ ತೆರೆದದ್ದು 1977ರಲ್ಲಿ.

ಈಗ ಹೇಳಿ, ಸುಮ್ನೆ ಕಟ್ಟಿದ್ದಾ?

ನಾನು ಸುತ್ತಾಡಿಸುವಾಗ ಮೊದಲು ಕರೆದುಕೊಂಡು ಹೋಗುವುದು ಯಮಾಟೊ-ಕಾನ್‌ಗೆ. ಕೊಳದ ನಡುವಿನ ದ್ವೀಪದಲ್ಲಿರುವ ಹಳೆಯ ಕಟ್ಟಡ, ಮ್ಯೂಸಿಯಂ ಶುರುವಾಗಿದ್ದೇ ಅಲ್ಲಿ. ಆ ರೈತರ ಕಥೆ ಅಲ್ಲಿದೆ. 1993ರಲ್ಲಿ ಆದ ಹೊಸ ಕಟ್ಟಡ ದೊಡ್ಡದು, ಚೆಂದದ್ದು. ಬಹಳ ಜನ ಅದನ್ನು ನೋಡಿ, ಕೆಫೆಯಲ್ಲಿ ಊಟ ಮಾಡಿ, ಕೊಳದ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನನಗೆ ಇದು ಸರಿಬರುವುದಿಲ್ಲ. ಈ ಜಾಗವನ್ನು 'ಪುಟ್ಟ ಜಪಾನ್' ಅಂತ ತೋರಿಸಿದರೆ ಅರ್ಧ ಕಥೆಯೂ ಆಗಲಿಲ್ಲ. ಇದು ಫ್ಲಾರಿಡಾದ ಕಥೆ. ಅನಾನಸ್ ಕೈಕೊಟ್ಟ, ಬ್ಯಾಂಕ್ ಕೈಕೊಟ್ಟ ಒಬ್ಬ ವಲಸಿಗ ರೈತನ ಕೊಡುಗೆ. ನಾನು ಅಲ್ಲಿಗೆ ಹೋಗುವುದು ಅದನ್ನು ಹೇಳುವುದಕ್ಕೆ. ಕೂಲಿ ಇಲ್ಲ, ಹೌದು. ಜಾಗವೂ ಕೂಲಿಯಿಲ್ಲದೇ ಬಂದಿದ್ದಲ್ವಾ?

ಪ್ರಶ್ನೆ: ಬೇರೊಂದು ಊರಿನ ಜಪಾನೀ ತೋಟದಲ್ಲಿ ವಾಲಂಟಿಯರ್ ಆಗಿದ್ದೇನೆ. ಬೊನ್ಸಾಯ್ ಕಲಿಯೋಣ ಅಂತ ಸೇರಿದೆ. ತಿಂಗಳುಗಟ್ಟಲೆ ಎಲೆ ಆರಿಸುವ ಕೆಲಸವೇ ಕೊಡುತ್ತಿದ್ದಾರೆ. ಕತ್ತರಿ ಮುಟ್ಟಿಸುತ್ತಿಲ್ಲ. ಬಿಟ್ಟುಬಿಡಲೇ?

ಕತ್ತರಿಯ ಆಸೆ ಬಿಡಿ, ತೋಟವನ್ನು ಬಿಡಬೇಡಿ.

ಮೂವತ್ತು ವರ್ಷ ರೂಪ ಕೊಟ್ಟ ಪೈನ್ ಮರದ ಒಂದು ಕೊಂಬೆ ತಪ್ಪಾಗಿ ಕತ್ತರಿಸಿದರೆ ಅದು ವಾಪಸ್ ಬರುವುದಿಲ್ಲ. ಜಪಾನಿನಲ್ಲೇ ತೋಟಗಾರನ ಕೆಳಗೆ ಕಲಿಯುವವರು ಮೊದಲು ಗುಡಿಸುತ್ತಾರೆ, ಹೊರುತ್ತಾರೆ, ನೋಡುತ್ತಾರೆ. ಸಂಬಳದ ತೋಟಗಾರರು ವಾರಕ್ಕೊಮ್ಮೆ ಬರುವ ವಾಲಂಟಿಯರ್ ಕೈಗೆ ಕತ್ತರಿ ಕೊಡದಿದ್ದರೆ ನಾನು ಅವರ ಪರ.

ಎಲೆ ಆರಿಸುವುದು ಕೀಳು ಕೆಲಸ ಅಂತ ನಿಮಗೆ ಅನಿಸಿದೆ. ಒಂದು ಒಣ ಕಲ್ಲಿನ ತೋಟದ ಮುಂದೆ ನಿಂತು ನೋಡಿ. ಮೊರಿಕಾಮಿಯಲ್ಲಿ ಅಂಥದ್ದಿದೆ. ಅಲ್ಲಿ ನೀರಿಲ್ಲ, ಹೂವಿಲ್ಲ. ಸಣ್ಣ ಜಲ್ಲಿ, ಅದರ ನಡುವೆ ಕಲ್ಲುಗಳು. ನೋಡುವವರು ಮರಳು ಅನ್ನುತ್ತಾರೆ. ನುಣ್ಣನೆಯ ಮರಳಾದರೆ ಗಾಳಿಗೇ ಗೆರೆ ಅಳಿಸಿಹೋಗುತ್ತದೆ, ಅದಕ್ಕೇ ಒರಟು ಜಲ್ಲಿ ಬೇಕು. ಮೊದಲು ಎಲೆ, ಕಡ್ಡಿ ಎಲ್ಲ ತೆಗೆಯಬೇಕು. ಒಂದು ಕಡ್ಡಿ ಉಳಿದರೂ ಕುಂಟೆಯ ಹಲ್ಲಿಗೆ ಸಿಕ್ಕಿ ಗೆರೆಯುದ್ದಕ್ಕೂ ಗೀರುತ್ತದೆ. ಆಮೇಲೆ ಅಗಲ ಹಲ್ಲಿನ ಕುಂಟೆ ಹಿಡಿದು ಹಿಂದೆ ಹಿಂದೆ ನಡೆಯುತ್ತಾ ಎಳೆಯಬೇಕು, ನಿಮ್ಮ ಹೆಜ್ಜೆ ಗುರುತು ನಿಮ್ಮ ಕುಂಟೆಗೇ ಅಳಿಸುವ ಹಾಗೆ. ಕಲ್ಲಿನ ಸುತ್ತ ಬಳೆಯ ಹಾಗೆ ಗೆರೆ. ಮುಗಿಸುವ ಹೊತ್ತಿಗೆ ನೀವು ಅಂಚಿಗೆ ಬಂದಿರಬೇಕು. ನಡುವೆ ಸಿಕ್ಕಿಕೊಂಡರೆ ಮತ್ತೆ ಮೊದಲಿಂದ. ಫ್ಲಾರಿಡಾದಲ್ಲಿ ಬೇಸಿಗೆಯ ಮಧ್ಯಾಹ್ನದ ಮಳೆ ಬಂದು ಎಲ್ಲವನ್ನೂ ಚಪ್ಪಟೆ ಮಾಡಿ ಹೋಗುತ್ತದೆ. ಬೆಳಗ್ಗೆ ಮತ್ತೆ ಅದೇ ಕೆಲಸ. ಅಲ್ಲಿ ತೋಟ ಅಂದರೆ ಈ ಕೆಲಸವೇ. ಕಲ್ಲುಗಳು ಹೇಗಿದ್ದರೂ ಅಲ್ಲೇ ಇರುತ್ತವೆ.

ಬೊನ್ಸಾಯ್ ಕಲಿಯಲು ನಿಮ್ಮ ಊರಿನ ಬೊನ್ಸಾಯ್ ಕ್ಲಬ್ ಹುಡುಕಿ. ಅಲ್ಲಿ ನಿಮ್ಮ ಸ್ವಂತ ಗಿಡವನ್ನು ನೀವೇ ಕೊಲ್ಲಬಹುದು, ಯಾರೂ ಬೈಯುವುದಿಲ್ಲ. ಬಿಸಿ ಊರಾದರೆ ಜಪಾನೀ ಮೇಪಲ್ ಕಡೆ ಹೋಗಬೇಡಿ, ಅದಕ್ಕೆ ಚಳಿ ಬೇಕು. ನಮ್ಮ ಕಡೆ ಫೈಕಸ್, ಬಟನ್‌ವುಡ್ ಚೆನ್ನಾಗಿ ಬರುತ್ತವೆ. ಬಟನ್‌ವುಡ್ ಫ್ಲಾರಿಡಾ ಕರಾವಳಿಯದೇ ಮರ. ಗಾಳಿ, ಉಪ್ಪು ತಿಂದು ತಾನೇ ತಿರುಚಿಕೊಂಡು ಬೆಳೆಯುತ್ತದೆ, ಅರ್ಧ ಕೆಲಸ ಅದೇ ಮಾಡಿಟ್ಟಿರುತ್ತದೆ.

ಪ್ರಶ್ನೆ: ನೋಡಲು ಬಂದವರು ನಿಮ್ಮನ್ನು ಏನೇನು ಕೇಳುತ್ತಾರೆ? ತಮಾಷೆಯ ಪ್ರಶ್ನೆಗಳಿದ್ದರೆ ಬರೆಯಿರಿ.

ಟಾಯ್ಲೆಟ್ ಎಲ್ಲಿದೆ ಅನ್ನುವುದನ್ನು ಬಿಟ್ಟರೆ, 'ಚೆರ್ರಿ ಹೂವು ಯಾವಾಗ ಬಿಡುತ್ತೆ?' ಅನ್ನುವುದೇ ಜಾಸ್ತಿ. ನಾವು ನೋಡಿದ ಫೋಟೊಗಳಲ್ಲೆಲ್ಲ ಜಪಾನ್ ಅಂದರೆ ಗುಲಾಬಿ ಮರ. ಆ ಮರಕ್ಕೆ ಚಳಿಗಾಲದ ನಿದ್ದೆ ಬೇಕು. ವಾರಗಟ್ಟಲೆ ತಂಪಿದ್ದರೇ ಮೊಗ್ಗು ಏಳುವುದು. ದಕ್ಷಿಣ ಫ್ಲಾರಿಡಾದಲ್ಲಿ ಅಂಥ ಚಳಿ ಎಲ್ಲಿ? ಕೇಳಿದವರ ಮುಖ ಬಾಡುತ್ತದೆ. ಆಗ ನಾನು ತೋಟ ಮಾಡಿದವರ ಜಾಣತನ ತೋರಿಸುತ್ತೇನೆ. 2001ರಲ್ಲಿ ಪೂರ್ತಿಯಾದ ಈ ತೋಟವನ್ನು ರೂಪಿಸಿದವರು ಹೋಯಿಚಿ ಕುರಿಸು. ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಜಪಾನೀ ತೋಟದಲ್ಲೂ ಕೆಲಸ ಮಾಡಿದವರು. ಕೊಳದ ಸುತ್ತ ಆರು ತೋಟಗಳು, ಒಂದೊಂದೂ ಒಂದೊಂದು ಕಾಲದ್ದು. ಮೊದಲನೆಯದು ಸಾವಿರ ವರ್ಷದ ಹಿಂದೆ ಶ್ರೀಮಂತರು ದೋಣಿಯಲ್ಲಿ ಕೂತು ನೋಡುತ್ತಿದ್ದ ಬಗೆಯದು. ಕೊನೆಯದು ಪಶ್ಚಿಮದ ಗಾಳಿ ಬೀಸಿದ ಮೇಲಿನ ಕಾಲದ್ದು. ಹೂವಿನ ಮೇಲೆ ಹೆಚ್ಚು ಭಾರ ಹಾಕಿಲ್ಲ. ಕಲ್ಲು, ನೀರು, ದಾರಿಯ ತಿರುವು, ಇವುಗಳ ಮೇಲೆ ನಿಲ್ಲಿಸಿದ್ದಾರೆ. ಸುತ್ತಲೂ ಇಲ್ಲಿನದೇ ಸ್ಲ್ಯಾಶ್ ಪೈನ್. ಹವೆಯ ಜೊತೆ ಜಗಳಕ್ಕೆ ನಿಲ್ಲಲಿಲ್ಲ ಅವರು.

ಎರಡನೆಯದು ಮೊಸಳೆ. 'ಇದೆಯಾ?' ಅಂತ ಕೇಳುವವರು ಹೆದರಿದವರಲ್ಲ, ಆಸೆ ಪಟ್ಟವರು. ಫ್ಲಾರಿಡಾದಲ್ಲಿ ಸಿಹಿನೀರು ಇದ್ದಲ್ಲಿ ಅಲಿಗೇಟರ್ ಅನ್ನುವ ಇಲ್ಲಿನ ಮೊಸಳೆ ಬರಬಹುದು, ಅಷ್ಟೆ ನನ್ನ ಉತ್ತರ. ಅದಕ್ಕೆ ತಿಂಡಿ ಹಾಕುವುದು ರಾಜ್ಯದ ಕಾನೂನಿಗೆ ವಿರುದ್ಧ, ಅದನ್ನೂ ಸೇರಿಸಿ ಹೇಳುತ್ತೇನೆ. ಇಗ್ವಾನ ಅನ್ನುವ ದೊಡ್ಡ ಹಲ್ಲಿ ಮಾತ್ರ ಕರೆಯದೆಯೇ ಬರುತ್ತದೆ. ಗಿಡ ಮೇಯುವ ಕಳ್ಳ.

ಮೂರನೆಯದು ಪ್ರಶ್ನೆಯಲ್ಲ, ಅಭ್ಯಾಸ. ಕೊಳಕ್ಕೆ ಚಿಲ್ಲರೆ ಎಸೆಯುವುದು. 1982ರ ನಂತರದ ಅಮೆರಿಕದ ಒಂದು ಸೆಂಟ್ ನಾಣ್ಯ ಹೆಚ್ಚುಕಡಿಮೆ ಪೂರ್ತಿ ಸತು, ಮೇಲೆ ತೆಳ್ಳಗೆ ತಾಮ್ರ. ಎರಡೂ ನೀರಿಗೆ ಬಿಟ್ಟುಕೊಂಡರೆ ಮೀನಿಗೆ ವಿಷ. ಕೊಳದ ಬಣ್ಣದ ಕೊಯ್ ಮೀನು ಹತ್ತಾರು ವರ್ಷ ಬದುಕುತ್ತದೆ. ನಿಮ್ಮ ಹರಕೆಗೆ ಅದು ಯಾಕೆ ಸಾಯಬೇಕು? ಇದನ್ನು ನಗುತ್ತಲೇ ಹೇಳಬೇಕು, ಅದೇ ಕಷ್ಟ. ವಾಲಂಟಿಯರ್ ಬ್ಯಾಡ್ಜ್ ಹಾಕಿಕೊಂಡ ಮೇಲೆ ಬೈಯುವ ಹಕ್ಕು ಹೋಗುತ್ತದೆ.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಬ್ರೈಟ್ ಫ್ಯೂಚರ್ಸ್ ಸ್ಕಾಲರ್‌ಶಿಪ್‌ಗೆ ಸೇವೆಯ ಗಂಟೆ ಬೇಕಂತೆ. ನಿಮ್ಮ ಮೂಲಕ ಸಹಿ ಸಿಗಬಹುದಾ?

ಸಹಿ ಸಿಗುವುದಿಲ್ಲ, ಕೆಲಸ ಸಿಗಬಹುದು. ಗೊತ್ತಿಲ್ಲದವರಿಗೆ: ಇದು ಫ್ಲಾರಿಡಾ ರಾಜ್ಯದ ವಿದ್ಯಾರ್ಥಿವೇತನ. ಮೇಲಿನ ಹಂತಕ್ಕೆ 100 ಗಂಟೆ ಸೇವೆ, ಅದರ ಕೆಳಗಿನದಕ್ಕೆ 75. ಅಂಕ ಬೇರೆ ಬೇಕು. ಸೇವೆ ಶುರು ಮಾಡುವ ಮೊದಲೇ ಶಾಲೆಯ ಕೌನ್ಸೆಲರ್ ಹತ್ತಿರ ಒಪ್ಪಿಗೆ ಪಡೆಯಿರಿ, ಆಮೇಲೆ 'ಇದು ಲೆಕ್ಕಕ್ಕಿಲ್ಲ' ಅನ್ನಿಸಿಕೊಳ್ಳಬೇಡಿ. ಇನ್ನೊಂದು ಮಾತು, ನಮ್ಮವರಿಗೆ ಮುಖ್ಯವಾದದ್ದು: ಈ ಸ್ಕಾಲರ್‌ಶಿಪ್‌ಗೆ ಅಮೆರಿಕದ ಪೌರರಾಗಿರಬೇಕು, ಇಲ್ಲ ನಿಯಮದಲ್ಲಿ ಅರ್ಹರೆಂದು ಹೇಳಿರುವ ವಲಸಿಗರಾಗಿರಬೇಕು. ಮಗ ಎಚ್-4 ಆಗಿದ್ದರೆ ಅದನ್ನು ಮೊದಲು ವಿಚಾರಿಸಿ.

ವಯಸ್ಸಿನ ಮಿತಿ ಕೆಲಸದಿಂದ ಕೆಲಸಕ್ಕೆ ಬೇರೆ. ಅರ್ಜಿ ಹುಡುಗನೇ ಬರೆಯಲಿ, ಫೋನೂ ಅವನೇ ಮಾಡಲಿ. ಅಮ್ಮ ಫೋನ್ ಮಾಡಿ 'ನನ್ನ ಮಗನಿಗೆ ತುಂಬ ಆಸಕ್ತಿ' ಅಂದರೆ ಆ ಕಡೆಯವರಿಗೆ ಎಲ್ಲ ಅರ್ಥವಾಗಿಬಿಡುತ್ತದೆ.

ಪ್ರಶ್ನೆ: ಅಮ್ಮ ಆರು ತಿಂಗಳಿಗೆ ಬಂದಿದ್ದಾರೆ, ಟೂರಿಸ್ಟ್ ವೀಸಾ. ಗಿಡ ಅಂದರೆ ಪ್ರಾಣ. ಅವರನ್ನೂ ವಾಲಂಟಿಯರ್ ಆಗಿ ಸೇರಿಸಬಹುದಾ?

ಬೇಡ. ಅವರು ನೋಡಲು ಬಂದವರು, ನೋಡಲಿ. ಮುಂದಿನ ಸಲ ಅಮೆರಿಕಕ್ಕೆ ಬರುವಾಗ ಏರ್‌ಪೋರ್ಟ್ ಅಧಿಕಾರಿಯ ಮುಂದೆ 'ವಾರಕ್ಕೆರಡು ದಿನ ಮ್ಯೂಸಿಯಂಗೆ ಹೋಗುತ್ತಿದ್ದೆ' ಅಂತ ಅಮ್ಮ ಮುಗ್ಧವಾಗಿ ಹೇಳಿ ತಾಪತ್ರಯ ತಂದುಕೊಳ್ಳುವುದು ಯಾಕೆ? ಒಂದು ಮೆಂಬರ್‌ಶಿಪ್ ತೆಗೆದುಕೊಳ್ಳಿ, ಬೇಕಾದಾಗ ಹೋಗಬಹುದು. ಸೋಮವಾರ ಬಾಗಿಲು ಹಾಕಿರುತ್ತದೆ. ಸುತ್ತುವ ದಾರಿ ಮೈಲಿಯ ಹತ್ತಿರ, ನೆರಳಿಲ್ಲದ ಕಡೆಯೂ ಇದೆ, ಬೆಳಗ್ಗೆಯೇ ಹೋಗಿ. ಸೇಶಿನ್-ಆನ್ ಟೀ ಮನೆಯಲ್ಲಿ ಟೀ ಮಾಡುವ ಪದ್ಧತಿ ತೋರಿಸುವ ದಿನ ಯಾವುದೆಂದು ನೋಡಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾವು ಫ್ಲಾರಿಡಾದವರಲ್ಲ. ನಮ್ಮ ಊರ ಕಡೆ ಇಂಥದ್ದಿದೆಯಾ? (ಇದನ್ನು ಕ್ಯಾಲಿಫೋರ್ನಿಯಾ, ಇಲಿನಾಯ್ ಮತ್ತು ಪೆನ್ಸಿಲ್ವೇನಿಯಾದಿಂದ ಕೇಳಿದ್ದಾರೆ.)

ಕ್ಯಾಲಿಫೋರ್ನಿಯಾದ ಬೇ ಏರಿಯಾದವರು (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನವರು) ಈ ಪ್ರಶ್ನೆ ಕೇಳಬಾರದು! ಸಾರಟೋಗಾದಲ್ಲಿ ಹಾಕೋನೆ ಇದೆ, ನೂರು ವರ್ಷ ದಾಟಿದ ತೋಟ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿ 1894ರ ವಸ್ತುಪ್ರದರ್ಶನದ ಹೊತ್ತಿಗೆ ಆದ ಟೀ ಗಾರ್ಡನ್ ಇದೆ. ಅಲ್ಲಿಗೆ ಹೋದರೆ ಮಕೊಟೊ ಹಗಿವಾರ ಅನ್ನುವ ಹೆಸರು ಹುಡುಕಿ. ಆ ತೋಟವನ್ನು ದಶಕಗಟ್ಟಲೆ ಸಾಕಿದವರು. 1942ರಲ್ಲಿ ಅವರ ಕುಟುಂಬವನ್ನು ಜಪಾನೀಯರು ಅನ್ನುವ ಒಂದೇ ಕಾರಣಕ್ಕೆ ಅಲ್ಲಿಂದ ಎಬ್ಬಿಸಿ ಯುದ್ಧಕಾಲದ ಬಂಧನದ ಕ್ಯಾಂಪಿಗೆ ಕಳಿಸಿದರು. ತೋಟ ಉಳಿಯಿತು, ಮನೆ ಉಳಿಯಲಿಲ್ಲ. ಅಲ್ಲಿ ವಾಲಂಟಿಯರ್ ಆಗುವವರು ಇದನ್ನು ಹೇಳದೆ ಬರೀ ಸೇತುವೆ ತೋರಿಸಿದರೆ ನನ್ನ ಕಣ್ಣಿಗೆ ಬೀಳಬೇಡಿ.

ಫಿಲಡೆಲ್ಫಿಯಾದವರಿಗೆ ಶೋಫುಸೊ. ಜಪಾನಿನಲ್ಲಿ 1953ರಲ್ಲಿ ಕಟ್ಟಿ, ನ್ಯೂಯಾರ್ಕ್‌ನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟು, 1958ರಲ್ಲಿ ಫೇರ್‌ಮೌಂಟ್ ಪಾರ್ಕ್‌ಗೆ ತಂದ ಮನೆ. ಒಳಗೆ ಚಪ್ಪಲಿ ಬಿಟ್ಟು ಹೋಗಬೇಕು, ಅದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿ ಆಂಡರ್ಸನ್ ತೋಟ, ಅದೂ ಕುರಿಸು ಅವರ ಕೈಯದೇ. ಅಲ್ಲಿ ಚಳಿಗಾಲ ಘೋರ, ಸೇರುವುದಾದರೆ ವಸಂತಕ್ಕೆ ಸೇರಿ.

ಎಲ್ಲ ಕಡೆ ಕ್ರಮ ಹೆಚ್ಚುಕಡಿಮೆ ಒಂದೇ. ಅರ್ಜಿ, ಒಂದು ಭೇಟಿ, ಮಕ್ಕಳ ಜೊತೆ ಕೆಲಸವಾದರೆ ಹಿನ್ನೆಲೆ ಪರೀಕ್ಷೆ, ತರಬೇತಿ, ಆಮೇಲೆ ಹಳಬರೊಬ್ಬರ ಹಿಂದೆ ಸುತ್ತುವುದು. ಬೇಸರಪಡದೆ ಸುತ್ತಿ. ಕಾಗದದಲ್ಲಿಲ್ಲದ ಸಂಗತಿಗಳು ಅವರ ಬಾಯಲ್ಲೇ ಇರುತ್ತವೆ.

ಪ್ರಶ್ನೆ: ಕಾರಲ್ಲಿ ಹೋಗಿ ಬರುವ ಖರ್ಚು ಟ್ಯಾಕ್ಸ್‌ನಲ್ಲಿ ತೋರಿಸಬಹುದಾ?

ಅರ್ಹ ಸಂಸ್ಥೆಯಾದರೆ ಮೈಲಿಗೆ 14 ಸೆಂಟ್. ಪಾರ್ಕಿಂಗ್, ಟೋಲ್ ಬೇರೆ ಸೇರಿಸಬಹುದು. ನಿಮ್ಮ ಸಮಯಕ್ಕೆ ಬೆಲೆ ಕಟ್ಟುವ ಹಾಗಿಲ್ಲ. 2025ರ ತೆರಿಗೆ ವರ್ಷದವರೆಗೆ ಅದೂ ಖರ್ಚುಗಳನ್ನು ಒಂದೊಂದಾಗಿ ಬರೆದು ತೋರಿಸುವವರಿಗೆ ಮಾತ್ರ ಸಿಗುತ್ತಿತ್ತು. ಬಹಳ ಜನ ಲೆಕ್ಕ ಬರೆಯದೆ ಇಡಿಯಾಗಿ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುತ್ತಾರೆ, ಅವರಿಗೆ ಆಗ ಈ ಹದಿನಾಲ್ಕು ಸೆಂಟ್ ಇರಲಿಲ್ಲ. ನನಗೂ ಇರಲಿಲ್ಲ. ಮೈಲಿ ಬರೆದಿಡುವ ಪುಸ್ತಕ ಕೊಳ್ಳುವ ಮೊದಲು ಒಂದು ಒಳ್ಳೆಯ ಟೋಪಿ ಕೊಳ್ಳಿ, ಬೆವರು ಹೀರುವಂಥದ್ದು.